ಕೊಳವೆಯ ಸಂದು ಮತ್ತು ನೀರಿನ ಒತ್ತಡ: ಆದಿಲ್‌ಶಾಹಿ ವಿಜಯಪುರದ ಜಲವ್ಯವಸ್ಥೆ

ಕರ್ನಾಟಕದ ಜಲವ್ಯವಸ್ಥೆಯ ಇತಿಹಾಸವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕೆರೆ, ಕಾಲುವೆ, ಬಾವಿಗಳ ಸುತ್ತ ಬೆಳೆದಿವೆ. ನೆಲದೊಳಗೆ ಹುದುಗಿದ ಕೊಳವೆ ಮಾರ್ಗಗಳು, ಅದರಲ್ಲೂ ಕೊಳವೆಗೆ ಕೊಳವೆ ಕೂಡುವ ಸಂದುಗಳು, ವಿದ್ವಾಂಸರ ಗಮನ ಸೆಳೆದದ್ದು ಕಡಿಮೆ. ಆದರೆ ಒತ್ತಡದಲ್ಲಿ ನೀರು ಸಾಗಿಸುವ ವ್ಯವಸ್ಥೆ ಸಾಮಾನ್ಯವಾಗಿ ಮೊದಲು ಸೋಲುವುದು ಸಂದಿನಲ್ಲಿಯೇ. ಈ ದೃಷ್ಟಿಯಿಂದ, 2014ರವರೆಗೆ ಬಿಜಾಪುರವೆಂದು ಕರೆಯಲ್ಪಡುತ್ತಿದ್ದ ವಿಜಯಪುರದ ನೀರು ಪೂರೈಕೆ ಪರಿಶೀಲನಾರ್ಹವಾಗಿದೆ.

ನಗರದ ಪಶ್ಚಿಮಕ್ಕಿರುವ ತೊರವಿಯಿಂದ ಸುರಂಗದ ಮೂಲಕ ನೀರು ಬರುತ್ತಿತ್ತು. ಮುಹಮ್ಮದ್ ಆದಿಲ್‌ಶಾಹನ ಆಳ್ವಿಕೆಯಲ್ಲಿ, 1651ರಲ್ಲಿ, ನಗರದ ದಕ್ಷಿಣಕ್ಕೆ 234 ಎಕರೆ ವಿಸ್ತಾರದ ಬೇಗಂ ತಾಲಾಬ್ ನಿರ್ಮಾಣವಾಯಿತು. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳ ಮೂಲಕ ನೀರನ್ನು ನಗರಕ್ಕೆ ತರಲಾಯಿತು. 15ರಿಂದ 50 ಅಡಿ ಆಳದಲ್ಲಿ ಹೂಳಿದ ಈ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತಲೂ ಕಲ್ಲುಗಾರೆಯ ಕವಚ ಕಟ್ಟಲಾಗಿತ್ತು.

ಸುಟ್ಟ ಮಣ್ಣು ಅದುಮುವ ಭಾರವನ್ನು ತಾಳಬಲ್ಲದು; ಎಳೆತವನ್ನು ತಾಳಲಾರದು. ಒಳಗಿನ ನೀರು ಹೊರಕ್ಕೆ ತಳ್ಳುವಾಗ ಕವಚವೇ ಅದಕ್ಕೆ ಆಸರೆ. ಆಳವನ್ನು ನಿರ್ಧರಿಸಿದ್ದು ಮುಖ್ಯವಾಗಿ ನೀರಿನ ಮಟ್ಟವೇ ಆಗಿರಬೇಕು. ಆದರೂ ಅದರಿಂದ ಇನ್ನೊಂದು ಫಲ ದೊರೆಯಿತು. ಬಯಲುಸೀಮೆಯ ಬೇಸಗೆಯ ಹಗಲಿಗೂ ಚಳಿಗಾಲದ ಇರುಳಿಗೂ ಉಷ್ಣತೆಯ ಅಂತರ ದೊಡ್ಡದು. ಅಷ್ಟು ಆಳದ ಮಣ್ಣಿನಲ್ಲಿ ಆ ಏರಿಳಿತ ಅತ್ಯಲ್ಪ. ಹೀಗಾಗಿ ಹಿಗ್ಗುವಿಕೆ ಕುಗ್ಗುವಿಕೆಗಳಿಂದ ಸಂದು ಬಿರಿಯುವ ಸಂಭವ ತಗ್ಗಿತು.

ಒತ್ತಡವನ್ನು ಹತೋಟಿಯಲ್ಲಿಟ್ಟದ್ದು ‘ಗಂಜ್’ ಎಂಬ ಜಲಗೋಪುರಗಳು. 25ರಿಂದ 40 ಅಡಿ ಎತ್ತರದ ಈ ಗೋಪುರಗಳಲ್ಲಿ ನೀರು ಮೇಲೇರಿ ಒತ್ತಡ ಕಳೆದುಕೊಳ್ಳುತ್ತಿತ್ತು, ಹೂಳು ತಳದಲ್ಲಿ ನಿಲ್ಲುತ್ತಿತ್ತು, ತಿಳಿನೀರು ಮುಂದೆ ಸಾಗುತ್ತಿತ್ತು. ಸುಮಾರು 33 ಅಡಿ ನೀರಿನ ಸ್ತಂಭ ಒಂದು ವಾಯುಭಾರಕ್ಕೆ ಸಮ ಎಂಬುದನ್ನು ನೆನೆದರೆ, ಗೋಪುರದ ಎತ್ತರವು ಒತ್ತಡಕ್ಕೆ ಹಾಕಿದ ಮಿತಿಯೆಂಬುದು ಸ್ಪಷ್ಟವಾಗುತ್ತದೆ.

1890ರ ದಶಕದಲ್ಲಿ ಹೆಸರಘಟ್ಟದ ನೀರನ್ನು ಬೆಂಗಳೂರಿಗೆ ತಂದ ಯೋಜನೆ ಮತ್ತೊಂದು ಯುಗದ್ದು. ಸೋಲದೇವನಹಳ್ಳಿಯಲ್ಲಿ ನೀರೆತ್ತಿದ್ದು ಉಗಿಯಂತ್ರ. ಉಗಿ ಸಾಗಿಸುವ ಲೋಹದ ಕೊಳವೆಗಳನ್ನು ಸಾಮಾನ್ಯವಾಗಿ ಫ್ಲ್ಯಾಂಜ್‌ಗಳಿಂದ ಕೂಡಿಸಲಾಗುತ್ತದೆ: ಎರಡು ಅಂಚುಗಳ ನಡುವೆ ಗ್ಯಾಸ್ಕೆಟ್ ಇರಿಸಿ ಬೋಲ್ಟ್‌ಗಳಿಂದ ಬಿಗಿಯುವುದು ಇದರ ಕ್ರಮ. ಯಂತ್ರ ನಡೆದಾಗ ಕಾದು, ನಿಂತಾಗ ತಣಿಯುವ ಈ ಸಂದಿನಲ್ಲಿ ಫ್ಲ್ಯಾಂಜ್ ಮತ್ತು ಬೋಲ್ಟ್‌ಗಳು ಏಕಕಾಲಕ್ಕೆ ಸಮನಾಗಿ ಹಿಗ್ಗುವುದಿಲ್ಲ. ಬಿಗಿತ ಸಡಿಲಿದರೆ ಸೋರಿಕೆ, ಮಿತಿಮೀರಿದರೆ ಗ್ಯಾಸ್ಕೆಟ್ಟಿಗೆ ಹಾನಿ. ಇಲ್ಲಿ ಭಾರವನ್ನು ಸಂದೇ ಹೊರಬೇಕು; ವಿಜಯಪುರದಲ್ಲಿ ಸಂದಿನ ಮೇಲೆ ಬೀಳುವ ಭಾರವನ್ನೇ ಇಳಿಸಲಾಗಿತ್ತು.

ಆದ್ದರಿಂದ ಗಂಜ್‌ಗಳನ್ನು ಬಿಡಿ ಸ್ಮಾರಕಗಳೆಂದು ಎಣಿಸುವುದು ಸಲ್ಲದು. ಗೋಪುರವನ್ನು ಉಳಿಸಿ, ಅದರಡಿಯ ಕೊಳವೆ ಮಾರ್ಗವನ್ನು ಹೊಸ ಅಗೆತಗಳಿಗೆ ಬಿಟ್ಟುಕೊಟ್ಟರೆ ಉಳಿಯುವುದು ಕಟ್ಟಡ ಮಾತ್ರ. ಅದನ್ನು ಅಲ್ಲಿ ನಿಲ್ಲಿಸಿದ ತಿಳಿವಳಿಕೆಯ ಸಾಕ್ಷ್ಯ ಅಳಿದುಹೋಗುತ್ತದೆ.