ಒಟ್ಟುಬೆಲೆಯ ಪ್ರವಾಸ: ಒಂದು ಚಾರಿತ್ರಿಕ ವಿವೇಚನೆ

ಪ್ರಯಾಣ, ವಸತಿ, ಊಟ, ಮಾರ್ಗದರ್ಶನ ಇವುಗಳನ್ನು ಬಿಡಿಬಿಡಿಯಾಗಿ ಮಾರದೆ ಒಂದೇ ಕಟ್ಟಾಗಿಸಿ ಒಂದೇ ಬೆಲೆಗೆ ಮಾರುವ ಪದ್ಧತಿಯು ಪ್ರವಾಸ ವ್ಯಾಪಾರದ ವರಮಾನವನ್ನು ಹೆಚ್ಚಿಸಿದ ಸಾಧನಗಳಲ್ಲಿ ಪ್ರಮುಖವಾದುದು. ಇದರ ಜನಕನೆಂದು ಇಂಗ್ಲೆಂಡಿನ ಥಾಮಸ್ ಕುಕ್ಕನನ್ನು ಹೆಸರಿಸುವುದು ವಾಡಿಕೆ. ಈ ಮಾತು ಅರ್ಧ ಮಾತ್ರ ನಿಜ. ಕುಕ್ಕನು ಮಾಡಿದ್ದೇನು, ಅವನಿಗಿಂತ ಮೊದಲೇ ನಡೆದಿದ್ದುದೇನು ಎಂಬುದನ್ನು ಬೇರ್ಪಡಿಸಿ ನೋಡಿದ ಹೊರತು, ಇಂಥ ಕಟ್ಟಿನಿಂದ ಹೆಚ್ಚುವರಿ ಹಣ ಹುಟ್ಟುವುದೆಲ್ಲಿ, ಅದರ ಹೊಣೆ ಕೊನೆಗೆ ಬೀಳುವುದು ಯಾರ ತಲೆಯ ಮೇಲೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯದು.

ಹದಿನೈದನೆಯ ಶತಮಾನದ ವೆನಿಸ್ ನಗರವನ್ನು ಮೊದಲು ನೋಡೋಣ. ಜೆರೂಸಲೇಮಿಗೆ ಹೋಗುವ ಕ್ರೈಸ್ತ ಯಾತ್ರಿಕರು ಅಲ್ಲಿ ಹಡಗು ಹತ್ತುತ್ತಿದ್ದರು. ಉಲ್ಮ್ ಪಟ್ಟಣದ ಸಂನ್ಯಾಸಿ ಫೆಲಿಕ್ಸ್ ಫ್ಯಾಬ್ರಿಯು ೧೪೮೦ರಲ್ಲಿಯೂ ೧೪೮೩ರಲ್ಲಿಯೂ ಎರಡು ಬಾರಿ ಈ ಯಾತ್ರೆ ಮಾಡಿ ವಿಸ್ತಾರವಾದ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಎರಡನೆಯ ಯಾತ್ರೆಯಲ್ಲಿ ಹಡಗಿನ ಒಡೆಯನೊಡನೆ ಆದ ಕರಾರಿನ ವಿಧಿಗಳನ್ನು ಅವನು ಒಂದೊಂದಾಗಿ ಕೊಟ್ಟಿರುವುದು ಚರಿತ್ರಕಾರನ ಪಾಲಿಗೆ ದೊಡ್ಡ ಉಪಕಾರ. ದಿನಕ್ಕೆರಡು ಊಟ, ಜಾಫಾ ಬಂದರಿನಿಂದ ಜೆರೂಸಲೇಮಿಗೆ ಕರೆದೊಯ್ದು ಹಿಂದಕ್ಕೆ ಕರೆತರುವುದು, ದಾರಿಯ ಸುಂಕ, ಕಾಣಿಕೆ, ಕತ್ತೆಗಳ ಬಾಡಿಗೆ ಎಲ್ಲವೂ ಒಡೆಯನದೇ. ಯಾತ್ರಿಕನು ಪುಣ್ಯಭೂಮಿಯನ್ನು ಮುಟ್ಟುವ ಮೊದಲೇ ಸತ್ತರೆ ಅವನು ಕೊಟ್ಟಿದ್ದ ಹಣದಲ್ಲಿ ಅರ್ಧವನ್ನು ಹಿಂದಿರುಗಿಸಬೇಕೆಂಬ ವಿಧಿಯೂ ಉಂಟು! ಇದಕ್ಕೆ ಗೊತ್ತಾದ ಬೆಲೆ ೪೦ ಡ್ಯೂಕಟ್ ನಾಣ್ಯಗಳು. ೧೪೯೪ರಲ್ಲಿ ಹೋದ ಮಿಲನ್ನಿನ ಪಾದ್ರಿ ಪಿಯೆತ್ರೊ ಕಸೋಲನು ಅಗೊಸ್ತೀನೊ ಕಾಂತರೀನಿ ಎಂಬ ಒಡೆಯನಿಗೆ ೬೦ ಚಿನ್ನದ ಡ್ಯೂಕಟ್ಟುಗಳನ್ನು ಕೊಟ್ಟನು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪ್ಯಾಲಸ್ತೀನಿನ ಅಧಿಕಾರಿಗಳಿಗೆ ಎಲ್ಲೆಲ್ಲಿ ಎಷ್ಟೆಷ್ಟು ತೆರಬೇಕೆಂಬುದನ್ನು ಜೀವಮಾನದಲ್ಲಿ ಒಂದೆರಡು ಬಾರಿ ಹೋಗುವ ಯಾತ್ರಿಕನು ಅರಿಯನು. ವರ್ಷವರ್ಷವೂ ಹೋಗಿಬರುವ ಒಡೆಯನು ಬಲ್ಲನು. ಆದುದರಿಂದ ಅವನು ಮಾರುತ್ತಿದ್ದುದು ಹಡಗಿನ ಜಾಗವನ್ನಷ್ಟೇ ಅಲ್ಲ, ಖರ್ಚಿನ ನಿಶ್ಚಿತತೆಯನ್ನು. ಒಬ್ಬನಿಗೆ ಭಯಂಕರವಾಗಿ ತೋರುವ ಅನಿಶ್ಚಯವು ನೂರು ಜನರ ಲೆಕ್ಕದಲ್ಲಿ ಸರಾಸರಿಗೆ ಇಳಿಯುತ್ತದೆ; ಆ ಎರಡರ ನಡುವಣ ಅಂತರವೇ ವ್ಯಾಪಾರಿಯ ಲಾಭ. ಒಟ್ಟುಬೆಲೆಯ ಮೊದಲನೆಯ ಮೂಲ ಇದು.

ಎರಡನೆಯ ಮೂಲ ರೈಲಿನೊಡನೆ ಬಂದಿತು. ೧೮೪೧ರ ಜುಲೈ ೫ರಂದು ಕುಕ್ಕನು ಲೆಸ್ಟರಿನಿಂದ ಲಫ್‌ಬರೊ ಊರಿಗೆ ಸುಮಾರು ೫೦೦ ಜನರನ್ನು ತಲೆಗೆ ಒಂದು ಷಿಲಿಂಗಿನಂತೆ ಕರೆದುಕೊಂಡು ಹೋದನು. ಮರಗೆಲಸ ಕಲಿತಿದ್ದ, ಬ್ಯಾಪ್ಟಿಸ್ಟ್ ಪಂಥದ ಈ ಪ್ರಚಾರಕನ ಉದ್ದೇಶ ಪಾನನಿರೋಧವೇ ಹೊರತು ಲಾಭವಲ್ಲ. ಆದರೆ ವಿಶೇಷ ಗಾಡಿ ಓಡಿಸಲು ಹತ್ತುವ ಖರ್ಚು ಅದರಲ್ಲಿ ೫೦ ಜನ ಕುಳಿತರೂ ೫೦೦ ಜನ ಕುಳಿತರೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ರೈಲ್ವೆ ಕಂಪೆನಿಯೂ ಅವನೂ ಅಂದು ಕಣ್ಣಾರೆ ಕಂಡರು. ಖಾಲಿ ಪೀಠವು ಮಾರಾಟವಾಗದೆ ಹೋದರೆ ಗಾಡಿ ಬಿಟ್ಟ ಕ್ಷಣವೇ ಕೆಟ್ಟುಹೋಗುವ ಸರಕು. ಅದನ್ನು ಸಗಟಾಗಿ ಕೊಳ್ಳುವವನಿಗೆ ಅಗ್ಗಕ್ಕೆ ಕೊಡಲು ಕಂಪೆನಿ ಸಿದ್ಧವಿರುತ್ತದೆ. ಲಾಭದ ದೃಷ್ಟಿಯಿಂದ ಅವನು ನಡೆಸಿದ ಮೊದಲ ಪ್ರವಾಸ ೧೮೪೫ರಲ್ಲಿ ಲಿವರ್‌ಪೂಲಿಗೆ. ಮೊದಲ ದರ್ಜೆಗೆ ೧೫ ಷಿಲಿಂಗ್, ಎರಡನೆಯ ದರ್ಜೆಗೆ ೧೦. ಹಲವು ರೈಲ್ವೆ ಕಂಪೆನಿಗಳ ಹಳಿಗಳ ಮೇಲೆ ಒಂದೇ ಚೀಟಿಯಿಂದ ಪ್ರಯಾಣಿಸುವ ಸೌಕರ್ಯ, ಅದರೊಂದಿಗೆ ಅವನೇ ಅಚ್ಚುಹಾಕಿಸಿದ ಕೈಪಿಡಿ ಇವು ಆ ಪ್ರವಾಸದ ವಿಶೇಷ. ೧೮೫೧ರ ಲಂಡನ್ ಮಹಾಪ್ರದರ್ಶನಕ್ಕೆ ಅವನ ಮೂಲಕ ಹೋದವರು ಸುಮಾರು ಒಂದೂವರೆ ಲಕ್ಷ.

ಮೂರನೆಯ ಮೂಲವನ್ನು ಅರ್ಥಶಾಸ್ತ್ರಜ್ಞರು ಬಹುಕಾಲದ ಮೇಲೆ ವಿವರಿಸಿದರು. ೧೯೬೩ರಲ್ಲಿ ಜಾರ್ಜ್ ಸ್ಟಿಗ್ಲರನು ಚಲನಚಿತ್ರಗಳನ್ನು ಗುಂಪಾಗಿ ಮಾರುವ ಪದ್ಧತಿಯನ್ನು ಕುರಿತು ಬರೆಯುತ್ತ ಇದನ್ನು ತೋರಿಸಿದನು; ೧೯೭೬ರಲ್ಲಿ ಆಡಮ್ಸ್ ಮತ್ತು ಯೆಲೆನ್ ಅದನ್ನು ವಿಸ್ತರಿಸಿದರು. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಬ್ಬ ಪ್ರವಾಸಿಯು ದೋಣಿವಿಹಾರಕ್ಕೆ ೮೦ ರೂಪಾಯಿ, ವಸತಿಗೆ ೩೦ ರೂಪಾಯಿ ಕೊಡಬಲ್ಲನು. ಮತ್ತೊಬ್ಬನು ದೋಣಿಗೆ ೪೦, ವಸತಿಗೆ ೭೦. ಬೇರೆಬೇರೆಯಾಗಿ ಮಾರಿದರೆ ವ್ಯಾಪಾರಿಗೆ ದೋಣಿಯಿಂದ ಹೆಚ್ಚೆಂದರೆ ೮೦, ವಸತಿಯಿಂದ ೭೦, ಒಟ್ಟು ೧೫೦ ಬಂದೀತು. ಎರಡನ್ನೂ ಸೇರಿಸಿ ೧೧೦ಕ್ಕೆ ಮಾರಿದರೆ ಇಬ್ಬರೂ ಕೊಳ್ಳುತ್ತಾರೆ. ಬರುವ ಹಣ ೨೨೦. ಅಭಿರುಚಿಗಳು ಪರಸ್ಪರ ವಿರುದ್ಧವಾಗಿದ್ದಷ್ಟೂ ಕಟ್ಟಿನ ಲಾಭ ಹೆಚ್ಚು. ಎಲ್ಲರ ರುಚಿಯೂ ಒಂದೇ ಆದಲ್ಲಿ ಈ ಮೂರನೆಯ ಮೂಲ ಬತ್ತುತ್ತದೆ.

ಕುಕ್ಕನ ನಿಜವಾದ ನೂತನ ಕಲ್ಪನೆ, ನಮ್ಮ ಅಭಿಪ್ರಾಯದಲ್ಲಿ, ಗುಂಪು ಕಟ್ಟಿಕೊಂಡು ಹೋದುದರಲ್ಲಿಲ್ಲ. ೧೮೬೮ರಲ್ಲಿ ಆರಂಭವಾದ ಹೋಟೆಲು ಕೂಪನ್ನಿನಲ್ಲಿದೆ. ೧೮೬೨ರಲ್ಲಿ ಸ್ಕಾಟ್ಲೆಂಡಿನ ರೈಲ್ವೆ ಕಂಪೆನಿಗಳು ಅವನಿಗೆ ರಿಯಾಯಿತಿ ಚೀಟಿಗಳನ್ನು ನಿಲ್ಲಿಸಿದಾಗ, ಒಂದೇ ಬಗೆಯ ಪೂರೈಕೆದಾರನನ್ನು ನಂಬಿದ ವ್ಯಾಪಾರ ಎಷ್ಟು ಅಸ್ಥಿರವೆಂಬುದು ಅವನಿಗೆ ಮನದಟ್ಟಾಗಿತ್ತು. ಮರುವರ್ಷವೇ ಅವನು ಸ್ವಿಟ್ಜರ್ಲೆಂಡಿನತ್ತ ತಿರುಗಿದನು. ಅಲ್ಲಿ ನೂರಾರು ಹೋಟೆಲುಗಳು. ಪ್ರವಾಸಿಯು ಲಂಡನ್ನಿನಲ್ಲಿಯೇ ಹಣ ಕೊಟ್ಟು ಕೂಪನ್ನುಗಳನ್ನು ಪಡೆಯುವನು; ಹೋಟೆಲಿನವನು ಅವುಗಳನ್ನು ಸ್ವೀಕರಿಸಿ ಹಾಸಿಗೆ, ಊಟಗಳನ್ನು ಒದಗಿಸಿ, ಆಮೇಲೆ ಅವುಗಳನ್ನು ಕುಕ್ಕನಿಗೆ ಕಳುಹಿಸಿ ಹಣ ಪಡೆಯುವನು. ಪ್ರವಾಸಿಗೆ ಗುಂಪಿನ ಹಂಗಿಲ್ಲ. ತನಗೆ ಬೇಕಾದಷ್ಟನ್ನು ಜೋಡಿಸಿಕೊಳ್ಳಬಹುದು. ಆದರೆ ಲೆಕ್ಕದ ಕಣ್ಣಿನಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಪ್ರವಾಸಿಯು ಮೊದಲೇ ಕೊಟ್ಟಿದ್ದಾನೆ, ಹೋಟೆಲಿನವನು ಇನ್ನೂ ಪಡೆದಿಲ್ಲ. ನಡುವಣ ದಿನಗಳಲ್ಲಿ ಹಣ ಮಧ್ಯವರ್ತಿಯ ಕೈಯಲ್ಲಿ. ಕೂಪನ್ನು ಎಂಬುದು ಹೋಟೆಲಿನವನು ಕುಕ್ಕನಿಗೆ ಕೊಟ್ಟ ಸಾಲವೇ ಸರಿ. ೧೮೭೪ರಲ್ಲಿ ಹೊರಟ ಪ್ರವಾಸಿ ಹುಂಡಿಗಳು ಇದೇ ಮಾರ್ಗದಲ್ಲಿ ಮುಂದಿನ ಹೆಜ್ಜೆ.

ಈಜಿಪ್ಟಿನಲ್ಲಿ ಈ ಕಟ್ಟು ಸಾಮ್ರಾಜ್ಯದ ಆಕಾರವನ್ನೇ ತಳೆಯಿತು. ಕುಕ್ಕನು ಬರುವ ಮುನ್ನ ಅಲ್ಲಿ ಪ್ರವಾಸಿಯು ಒಬ್ಬ ದುಭಾಷಿಯೊಡನೆ ಕರಾರು ಮಾಡಿಕೊಳ್ಳುತ್ತಿದ್ದನು. ದೋಣಿ, ಅಂಬಿಗರು, ಅಡಿಗೆ, ಕತ್ತೆ ಎಲ್ಲವೂ ಆ ಕರಾರಿನಲ್ಲಿ ಅಡಕವಾಗಿರಬಹುದಿತ್ತು. ಅದೂ ಒಟ್ಟುಬೆಲೆಯೇ, ಆದರೆ ಕಟ್ಟುವವನು ಊರಿನವನು. ೧೮೬೯ರಲ್ಲಿ ಕುಕ್ಕನು ಬಾಡಿಗೆ ಹೊಗೆಹಡಗುಗಳಲ್ಲಿ ನೈಲ್ ನದಿಯ ಪ್ರವಾಸ ನಡೆಸಿದನು. ೧೮೮೪ರಲ್ಲಿ ಖಾರ್ಟೂಮಿನಲ್ಲಿ ಸಿಕ್ಕಿಬಿದ್ದಿದ್ದ ಗಾರ್ಡನ್ ಸೇನಾನಿಯ ಬಿಡುಗಡೆಗೆ ಹೊರಟ ಬ್ರಿಟಿಷ್ ಸೈನ್ಯವನ್ನು ನೈಲ್ ನದಿಯಲ್ಲಿ ಮೇಲಕ್ಕೆ ಸಾಗಿಸುವ ಗುತ್ತಿಗೆಯೂ ಅದೇ ಸಂಸ್ಥೆಗೆ ಸಿಕ್ಕಿತು; ಸಾಗಿಸಿದ ಸೈನಿಕರು ಸುಮಾರು ೧೮,೦೦೦. ಕೆಲಸಗಾರರಿಗೆ ಕೂಲಿ ಹೆಚ್ಚಿದ್ದಿರಬಹುದು. ಆದರೆ ಬೆಲೆ ಗೊತ್ತುಮಾಡುವ ಅಧಿಕಾರ ನದೀತೀರದಿಂದ ಲಂಡನ್ನಿಗೆ ಹೋಯಿತು. ಪ್ರವಾಸಿಯ ಖರ್ಚಿನಲ್ಲಿ ಯಾರ ಪಾಲು ಎಷ್ಟೆಂಬುದನ್ನು ಒಂದೇ ಅಂಕೆ ಮುಚ್ಚಿಡುತ್ತದೆ.

ಭಾರತದಲ್ಲಿ ಇದೇ ಸಂಸ್ಥೆಯು ೧೮೮೧ರಲ್ಲಿ ಮುಂಬಯಿಯಲ್ಲಿ ಕಚೇರಿ ತೆರೆಯಿತು. ೧೮೮೬ರಲ್ಲಿ ಸರ್ಕಾರವು ಹಜ್ ಯಾತ್ರಿಕರ ಪ್ರಯಾಣವನ್ನು ಅದಕ್ಕೆ ಒಪ್ಪಿಸಿತು. ಊರಿನಿಂದ ಮುಂಬಯಿಗೆ ರೈಲು, ಅಲ್ಲಿಂದ ಜಿದ್ದಾ ಬಂದರಿಗೆ ಹಡಗು. ಎರಡನ್ನೂ ಒಂದೇ ವ್ಯವಸ್ಥೆಯಡಿ ತರುವುದು ಗುರಿ. ಸ್ವಿಟ್ಜರ್ಲೆಂಡಿನಲ್ಲಿಯೂ ಈಜಿಪ್ಟಿನಲ್ಲಿಯೂ ಗೆದ್ದ ಉಪಾಯ ಇಲ್ಲಿ ನೆಲೆಗೊಳ್ಳಲಿಲ್ಲ. ನಷ್ಟವನ್ನು ಸರ್ಕಾರ ತುಂಬಿಕೊಡಬೇಕಾಯಿತು. ಹತ್ತು ವರ್ಷ ತುಂಬುವ ಹೊತ್ತಿಗೆ ಏರ್ಪಾಡು ಕೊನೆಗೊಂಡಿತು. ಕಾರಣವನ್ನು ಮೇಲಿನ ವಿವೇಚನೆಯಿಂದಲೇ ಊಹಿಸಬಹುದು. ಯಾತ್ರೆಯ ಅತ್ಯಂತ ಅನಿಶ್ಚಿತ ಭಾಗ ಜಿದ್ದಾದಿಂದ ಮುಂದಿನದು: ಒಂಟೆ, ದಾರಿಯ ರಕ್ಷಣೆ, ಮಕ್ಕೆಯ ವಸತಿ. ಅಲ್ಲಿಗೆ ಕುಕ್ಕನ ಕೈ ಚಾಚಲಾರದು. ಅವನು ಮಾರಿದ್ದು ಯಾತ್ರಿಕನಿಗೆ ಹೇಗೂ ಮುಂಬಯಿಯ ದಲ್ಲಾಳಿಗಳಲ್ಲಿ ಚೌಕಾಸಿ ಮಾಡಿ ದೊರೆಯುತ್ತಿದ್ದುದನ್ನು. ವೆನಿಸ್ಸಿನ ಒಡೆಯನು ಕತ್ತೆಗಳ ಬಾಡಿಗೆಯನ್ನೂ ಕರಾರಿನೊಳಗೆ ಸೇರಿಸಿದ್ದನೆಂಬುದನ್ನು ಇಲ್ಲಿ ನೆನೆಯಬೇಕು.

ವಿಮಾನಯುಗದ ಒಟ್ಟುಬೆಲೆಗೆ ೧೯೫೦ನ್ನು ಆರಂಭವೆಂದು ಎಣಿಸುವರು. ಆ ವರ್ಷ ವ್ಲಾದಿಮಿರ್ ರೈಟ್ಸ್ ಎಂಬಾತನ ಹೊರೈಜ಼ನ್ ಸಂಸ್ಥೆಯು ಇಂಗ್ಲೆಂಡಿನಿಂದ ಕಾರ್ಸಿಕ ದ್ವೀಪದ ಕಾಲ್ವಿಗೆ ಬಾಡಿಗೆ ವಿಮಾನದಲ್ಲಿ ಜನರನ್ನು ಕರೆದೊಯ್ದಿತು: ವಿಮಾನ, ಗುಡಾರದಲ್ಲಿ ವಸತಿ, ಊಟ ಸೇರಿ ೩೨ ಪೌಂಡು ೧೦ ಷಿಲಿಂಗ್. ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಮಾತ್ರ ಒಯ್ಯತಕ್ಕದ್ದೆಂದು ಸರ್ಕಾರ ವಿಧಿಸಿದ್ದ ನಿಯಮವು ಈ ಪತ್ರಿಕೆಯ ವಾಚಕರಿಗೆ ರುಚಿಸೀತು! ಆಮೇಲಿನ ಪೈಪೋಟಿಯಲ್ಲಿ ಬೆಲೆಗಳು ಇಳಿಯುತ್ತ ಹೋದವು, ಲಾಭದ ಅಂಚು ತೆಳುವಾಯಿತು. ೧೯೭೪ರ ಆಗಸ್ಟ್ ೧೫ರಂದು ಕೋರ್ಟ್ ಲೈನ್ ಸಂಸ್ಥೆಯೂ ಅದರ ಅಂಗವಾಗಿದ್ದ ಕ್ಲಾರ್ಕ್ಸನ್ಸ್ ಸಂಸ್ಥೆಯೂ ಮುಳುಗಿ ಹತ್ತಾರು ಸಾವಿರ ಜನ ಪರಊರುಗಳಲ್ಲಿ ಸಿಕ್ಕಿಬಿದ್ದರು. ಬಿಡಿಯಾಗಿ ಕೊಂಡವನಿಗೆ ಒಂದು ಕೊಂಡಿ ಕಳಚಿದರೆ ಒಂದೇ ನಷ್ಟ; ಕಟ್ಟನ್ನು ಕೊಂಡವನಿಗೆ ಗಂಟೇ ಬಿಚ್ಚಿಹೋಗುತ್ತದೆ. ಕಟ್ಟನ್ನು ಕಟ್ಟಿದವನೇ ಅದರ ಪ್ರತಿಯೊಂದು ಅಂಗಕ್ಕೂ ಹೊಣೆಯೆಂದು ಯೂರೋಪಿನ ರಾಷ್ಟ್ರಗಳು ೧೯೯೦ರ ನಿರ್ದೇಶದಲ್ಲಿ ವಿಧಿಸಿದವು.

ಪ್ರವಾಸಿಗೆ ಹೀಗೆ ರಕ್ಷಣೆ ದೊರೆಯಿತು. ಹೋಟೆಲಿನವನ ಸ್ಥಿತಿ ೧೮೬೮ರಲ್ಲಿದ್ದಂತೆಯೇ ಉಳಿಯಿತು. ೨೦೧೯ರ ಸೆಪ್ಟೆಂಬರ್ ೨೩ರಂದು ಥಾಮಸ್ ಕುಕ್ ಸಂಸ್ಥೆಯೇ ಬಾಗಿಲು ಮುಚ್ಚಿದಾಗ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗಳನ್ನು ಅವರ ಸರ್ಕಾರ ಊರಿಗೆ ಕರೆತಂದಿತು. ಸ್ಪೇನ್, ಗ್ರೀಸ್, ತುರ್ಕಿಗಳ ಹೋಟೆಲುಗಳವರು ಆ ಬೇಸಗೆಯಲ್ಲಿ ಉಣಿಸಿ ಮಲಗಿಸಿದ ಅತಿಥಿಗಳ ಬಾಕಿಗಾಗಿ ಸಾಲಗಾರರ ಸಾಲಿನಲ್ಲಿ ನಿಂತರು. ಹೆಸರು ಒಂದೇ ಆದರೂ ಭಾರತದ ಸಂಸ್ಥೆಯು ೨೦೧೨ರಿಂದಲೇ ಬೇರೆ ಒಡೆತನದಲ್ಲಿದ್ದುದರಿಂದ ಅದಕ್ಕೆ ಈ ಪತನ ತಾಗಲಿಲ್ಲ. ಮೂಲ ಸಂಸ್ಥೆಯ ದಾಖಲೆಗಳು ಈಗ ಲೆಸ್ಟರ್‌ಷೈರ್ ಪ್ರಾಂತದ ದಾಖಲೆ ಕಚೇರಿಯನ್ನು ಸೇರಿವೆ.