ಡಪ್ಪಿನಾಟದಲ್ಲಿ ಡಪ್ಪಿನವನ ಹೆಸರು

ಬೀಟಲ್ಸ್ ಎಂಬ ಇಂಗ್ಲೆಂಡಿನ ಹಾಡುಗಾರರ ತಂಡದ ಹೆಸರು ಕೇಳದವರು ಕಡಿಮೆ. 1960ರ ಆಗಸ್ಟಿನಲ್ಲಿ ಈ ತಂಡ ಲಿವರ್‌ಪೂಲ್ ಬಿಟ್ಟು ಜರ್ಮನಿಯ ಹ್ಯಾಂಬರ್ಗಿಗೆ ಹೊರಟಾಗ ಅದರ ಡ್ರಮ್ಮು ಪೀಟ್ ಬೆಸ್ಟ್ ಎಂಬ ಹುಡುಗನ ಕೈಯಲ್ಲಿತ್ತು. ಎರಡು ವರ್ಷ ಬಾರಿಸಿದ. 1962ರ ಆಗಸ್ಟ್ 16ರಂದು ಅವನನ್ನು ಕೈಬಿಟ್ಟು ರಿಂಗೊ ಸ್ಟಾರ್‌ನನ್ನು ಕರೆದುಕೊಂಡರು. ಅಕ್ಟೋಬರಿನಲ್ಲಿ ತಂಡದ್ದೇ ಹೆಸರಿನ ಮೊದಲ ರೆಕಾರ್ಡು ಬಂತು. ಅನ್ಯಾಯವೇ ಇರಲಿ, ಕೈಬಿಟ್ಟವನ ಹೆಸರು ಉಳಿಯಿತು, ಬಿಟ್ಟ ತಾರೀಖೂ ಉಳಿಯಿತು.

ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯ ಲೆಕ್ಕವೇ ಬೇರೆ. ಇಲ್ಲಿ ಒಂದು ಆಟಕ್ಕೇ ವಾದ್ಯದ ಹೆಸರಿದೆ. ಸಣ್ಣಾಟವನ್ನು ಡಪ್ಪಿನಾಟ ಎಂದೂ ಕರೆಯುತ್ತಾರೆ. ದೊಡ್ಡಾಟಕ್ಕೆ ಕಿರೀಟ, ಭುಜಕೀರ್ತಿ, ಮದ್ದಳೆ ಎಲ್ಲ ಬೇಕು. ಸಣ್ಣಾಟಕ್ಕೆ ನಾವು ನೀವು ಉಡುವ ಧೋತರ, ಸೀರೆಗಳೇ ಸಾಕು. ಹಿಂದೆ ನಿಲ್ಲುವ ಮೇಳದಲ್ಲಿ ಮೊದಮೊದಲು ಇದ್ದದ್ದು ಡಪ್ಪು, ತುಂತುಣಿ, ತಾಳ. ಹಾರ್ಮೋನಿಯಂ, ತಬಲಾ ಆಮೇಲೆ ಬಂದವು. ಡಪ್ಪು ಎಂದರೆ ಕಟ್ಟಿಗೆಯ ಬಳೆಗೆ ಬಿಗಿದ ತೊಗಲು. ತಂಪಿಗೆ ಸಡಿಲಾದರೆ ಬೆಂಕಿಗೆ ಹಿಡಿದು ಕಾಸಬೇಕು. ಉರ್ದು ಓದಿದ ನನ್ನ ಕಿವಿಗೆ ಈ ಹೆಸರಿನಲ್ಲಿ ಅರಬರ ದಫ್ ಕೇಳಿಸುತ್ತದೆ. ಲಾವಣಿಕಾರನನ್ನು ನಮ್ಮವರು ಶಾಹೀರ ಎಂದು ಕರೆಯುವಾಗಲೂ ಹಾಗೆಯೇ.

ಗೀಗೀ ಮೇಳದಲ್ಲಿ ಡಪ್ಪಿನವನ ಪಾಡು ಇಷ್ಟು ಕೆಟ್ಟದ್ದಲ್ಲ. ಅಲ್ಲಿ ಡಪ್ಪು ಹಿಡಿದವನೇ ಮುಂದೆ ನಿಂತು ಹಾಡುತ್ತಾನೆ, ತುಂತುಣಿ, ತಾಳದವರು ಸೊಲ್ಲು ಎತ್ತುತ್ತಾರೆ. ಹರದೇಶಿ, ನಾಗೇಶಿ ಎಂದು ಎರಡು ಪಕ್ಷವಾಗಿ ಬೆಳಗಾಗುವವರೆಗೆ ಸವಾಲು ಹಾಕುವಾಗ ಅವನ ಹೆಸರು ಊರಿಗೇ ಗೊತ್ತು. ಆಟಕ್ಕೆ ಬಂದರೆ ಅದೇ ವಾದ್ಯ ಬೆನ್ನ ಹಿಂದೆ ಸರಿಯುತ್ತದೆ.

ಸಣ್ಣಾಟಗಳಲ್ಲಿ ಹೆಸರಾದದ್ದು 'ಸಂಗ್ಯಾ ಬಾಳ್ಯಾ'. ಬ್ರಿಟಿಷರ ಕಾಲಕ್ಕೆ ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದು ಅದರ ಮೂಲ ಎನ್ನುತ್ತಾರೆ. ಗಂಗಿಗೆ ಮನಸೋತ ಸಂಗ್ಯಾ, ನೆರವಾಗಿ ಕೊನೆಗೆ ಗೆಳೆಯನನ್ನೇ ಹಿಡಿದುಕೊಟ್ಟ ಬಾಳ್ಯಾ, ಗಂಡ ಈರಣ್ಣ ಎಲ್ಲರೂ ಜನರ ಬಾಯಲ್ಲಿದ್ದಾರೆ. ಬರೆದವರು ಪತ್ತಾರ ಮಾಸ್ತರರು ಎಂಬ ಮಾತೂ ಉಳಿದಿದೆ. 1885ರಿಂದ ಮುಂದೆ ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿಗಳನ್ನು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣ ಹೀಗೆ ಕಾಗದದ ಮೇಲೂ ಉಳಿದ. ಆ ಪದಗಳಿಗೆ ಗತ್ತು ಕೊಟ್ಟ ಕೈಗಳು ಮಾತ್ರ ಎಲ್ಲಿಯೂ ಅಚ್ಚಾಗಲಿಲ್ಲ.

ಫ್ಲೀಟನನ್ನು ದೂರಿ ಏನು ಬಂತು? ನಾನೂ ಅದೇ ಸಾಲಿನವ. ಚಿಕ್ಕಂದಿನಲ್ಲಿ ರಾಮದುರ್ಗದ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿಯಿಡೀ 'ಸಂಗ್ಯಾ ಬಾಳ್ಯಾ' ನೋಡಿದ್ದೆ. ಸಂಗ್ಯಾನನ್ನು ಕಡಿಯುವ ಹೊತ್ತಿಗೆ ಡಪ್ಪು ಒಮ್ಮೆಲೇ ನಿಂತಿತು. ಹೆಂಗಸರು ಅತ್ತದ್ದು ಆಗ. ಬೆಳಿಗ್ಗೆ ಒಲೆಯ ಮುಂದೆ ಡಪ್ಪು ಕಾಸುತ್ತ ಕೂತಿದ್ದ ಮುದುಕನನ್ನು ಕೇಳಿದೆ:

"ಕಾಕಾ, ನಿಮ್ಮ ಹೆಸರ ಯಾಕ ಕೂಗಲಿಲ್ಲ?"

"ಹೆಸರ ತಗೊಂಡ ಏನ ಮಾಡ್ತಿ ತಮ್ಮಾ? ನಾ ಬಡಿಯೂದು ಬಿಟ್ರ ಸಂಗ್ಯಾ ಸಾಯಾಂಗಿಲ್ಲ" ಎಂದು ನಕ್ಕ.

ಆ ರಾತ್ರಿ ಸಂಗ್ಯಾ ಆದವನ ಹೆಸರು ನನಗೆ ಇಂದಿಗೂ ನೆನಪಿದೆ. ಕಾಕಾನ ಹೆಸರನ್ನು ಎರಡನೇ ಸಲ ಕೇಳಲಿಲ್ಲ.