ಯಾವ ಊರಿನ ಸೇರು?

ಹಳೆಯ ಕಾಗದಪತ್ರದಲ್ಲಿ ‘ಹತ್ತು ಸೇರು’ ಎಂದು ಕಂಡರೆ ಚರಿತ್ರೆಯ ವಿದ್ಯಾರ್ಥಿ ಮೊದಲು ಕೇಳಬೇಕಾದದ್ದು, ಯಾವ ಊರಿನ ಸೇರು? ನಮ್ಮ ಧನಗೆರೆಯ ಸುತ್ತ ಈ ಪ್ರಶ್ನೆಗೆ ಇನ್ನಷ್ಟು ತೂಕ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು. ಅಂಕಿ ಒಂದೇ ಇದ್ದರೂ ಅಳತೆ ಬೇರೆಯಾದರೆ ಲೆಕ್ಕ ಕೆಡುತ್ತದೆ.

ಗಣಕ ದುಡಿಮೆಯ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಇದೇ ಪ್ರಶ್ನೆ ಎಎಸ್/400ರ ಕೈಪಿಡಿಗಳಲ್ಲಿ ಮತ್ತೆ ಸಿಕ್ಕಿತು. 1978ರಲ್ಲಿ ಭಾರತ ಬಿಟ್ಟಿದ್ದ ಐಬಿಎಂ 1992ರಲ್ಲಿ ಟಾಟಾ ಜೊತೆಗೂಡಿ ಮರಳಿತು. ಆ ಕಂಪನಿ 1988ರ ಜೂನ್‌ನಲ್ಲಿ ಹೊರತಂದಿದ್ದ ಮಧ್ಯಮ ಗಾತ್ರದ ಗಣಕ ಇದು. ಬ್ಯಾಂಕು, ಗೋದಾಮು, ಕಾರ್ಖಾನೆಗಳ ಲೆಕ್ಕ ಇದರ ಕೆಲಸ. ಬೆಂಗಳೂರಿನ ಎಷ್ಟೋ ಪ್ರೋಗ್ರಾಮರುಗಳು ಇದರ ಮುಂದೆ ದುಡಿದಿದ್ದಾರೆ.

ಈ ಯಂತ್ರದಲ್ಲಿ ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆದಾಗ ಸಾಮಾನ್ಯವಾಗಿ ದಾಟುವುದು ಮಾಹಿತಿ ಇರುವ ಜಾಗದ ವಿಳಾಸ ಮಾತ್ರ. ಅಲ್ಲಿ ಎಷ್ಟು ಅಕ್ಷರ ಇವೆ, ಅಂಕಿಗೆ ಎಷ್ಟು ಸ್ಥಾನ ಎಂಬುದನ್ನು ಯಾರೂ ಹೇಳುವುದಿಲ್ಲ. ಕರೆಸಿಕೊಂಡ ಪ್ರೋಗ್ರಾಂ ತನ್ನ ಸೇರಿನಲ್ಲೇ ಅಳೆದುಕೊಳ್ಳುತ್ತದೆ.

ಸಿಎಲ್ ಎಂಬ ಆಜ್ಞಾಭಾಷೆಯಲ್ಲಿ 25 ಎಂದು ನೇರವಾಗಿ ಬರೆದರೆ ಅದು ಒಟ್ಟು 15 ಅಂಕಿ, ಅದರಲ್ಲಿ 5 ದಶಮಾಂಶ ಎಂಬ ಅಚ್ಚಿನಲ್ಲಿ 8 ಬೈಟ್ ಆಗಿ ಹೋಗುತ್ತದೆ. ಎದುರಿನ ಪ್ರೋಗ್ರಾಂ 5 ಅಂಕಿಯ, 3 ಬೈಟಿನ ಸಂಖ್ಯೆಗೆ ಕಾದಿದ್ದರೆ ಅದಕ್ಕೆ ಸಿಗುವುದು ಮೊದಲ 3 ಬೈಟ್, ಬರೀ ಸೊನ್ನೆ. ಚಿಹ್ನೆ ಇರಬೇಕಾದ ಜಾಗವೂ ಸೊನ್ನೆ. ಹಾಗಾಗಿ ದಶಮಾಂಶ ದೋಷವೆಂದು ಕೆಲಸ ನಿಲ್ಲುತ್ತದೆ.

ಆಜ್ಞೆಯನ್ನು ನಡೆಸಿಕೊಡುವ ವ್ಯವಸ್ಥೆಯ ಪ್ರೋಗ್ರಾಂ ಕ್ಯೂಸಿಎಂಡಿಇಎಕ್ಸ್‌ಸಿ ಆಜ್ಞೆಯ ಉದ್ದವನ್ನೂ ಇದೇ 15, 5ರ ಅಚ್ಚಿನಲ್ಲಿ ಕೇಳುತ್ತದೆ. ಅಕ್ಷರಗಳ ಎಣಿಕೆಗೆ ದಶಮಾಂಶ ಏಕೆ ಎಂದು ಹೊಸಬರು ತಲೆ ಕೆರೆದುಕೊಳ್ಳುತ್ತಾರೆ. ಸಿಎಲ್ ತನ್ನ ಅಂಕಿಗಳನ್ನು ಕಳಿಸುವ ರೂಢಿಗೆ ಅದು ಸರಿಹೊಂದುತ್ತದೆ, ಅಷ್ಟೇ.

ನಿಲ್ಲುವ ದೋಷವೇ ವಾಸಿ. ಅಕ್ಷರಗಳದ್ದು ಕಳ್ಳದೋಷ. ನೇರವಾಗಿ ಬರೆದ ಪಠ್ಯ 32 ಅಕ್ಷರಕ್ಕಿಂತ ಚಿಕ್ಕದಾದರೆ ಯಂತ್ರ 32ರವರೆಗೆ ಖಾಲಿ ಜಾಗ ತುಂಬುತ್ತದೆ, ಅದರಾಚೆಗೆ ತುಂಬುವುದಿಲ್ಲ. 50 ಅಕ್ಷರ ಬೇಕೆನ್ನುವ ಪ್ರೋಗ್ರಾಂಗೆ 35 ಕೊಟ್ಟರೆ, ಉಳಿದ 15ರ ಜಾಗದಲ್ಲಿ ಸ್ಮೃತಿಯಲ್ಲಿ ಏನಿತ್ತೋ ಅದನ್ನೇ ಓದುತ್ತದೆ. ಹಗಲು ಪರದೆಯ ಮುಂದೆ ನೇರ ಕರೆದಾಗ ಸರಿಯಾಗಿದ್ದದ್ದು, ರಾತ್ರಿಯ ಸರದಿಗೆ ಹಾಕಿದಾಗ ಕೆಡಬಹುದು. ಸರದಿಗೆ ಹೋಗುವಾಗ ಚರಾಂಶದ ಬೆಲೆ ನೇರ ಪಠ್ಯವಾಗಿ ಬದಲಾಗುತ್ತದೆ, ಬಾಲದ ಖಾಲಿ ಜಾಗ ಉದುರುತ್ತದೆ. ಎಷ್ಟೋ ಸಲ ಆ ಸ್ಮೃತಿ ಅಕಸ್ಮಾತ್ ಖಾಲಿ ಇರುವುದರಿಂದ ತಪ್ಪು ತಿಂಗಳುಗಟ್ಟಲೆ ಅಡಗಿರುತ್ತದೆ.

ಮದ್ದು ಸರಳ: ಎರಡೂ ಕಡೆ ಉದ್ದವನ್ನು ಘೋಷಿಸುವುದು, ಇಲ್ಲವೇ ಪ್ಯಾರಾಮೀಟರಿನ ಅಳತೆ ಬರೆದಿಟ್ಟ ಸ್ವಂತ ಆಜ್ಞೆಯೊಂದನ್ನು ರಚಿಸಿಕೊಳ್ಳುವುದು. ದೋಷವನ್ನು ಹುಡುಕಲು ಮಾತ್ರ ಎರಡೂ ಪ್ರೋಗ್ರಾಂಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬೈಟ್ ಬೈಟಾಗಿ ಓದುವ ತಾಳ್ಮೆ ಬೇಕು.

ನಮ್ಮ ಗಣಕ ಚರಿತ್ರೆಗಳಲ್ಲಿ ಕಂಪನಿಗಳ ಹೆಸರು, ಇಸವಿ, ವಹಿವಾಟು ಸಿಗುತ್ತವೆ. ಈ ತಾಳ್ಮೆಯ ಕೆಲಸ ಸಿಗುವುದಿಲ್ಲ. ಅದು ಉಳಿದಿರುವುದು ಪ್ರೋಗ್ರಾಂಗಳ ನಡುವೆ ಯಾರೋ ಬರೆದಿಟ್ಟ ಒಂದೆರಡು ಸಾಲಿನ ಟಿಪ್ಪಣಿಗಳಲ್ಲಿ: ಇಲ್ಲಿ ಉದ್ದ ಇಷ್ಟಿರಲಿ, ಬದಲಿಸಬೇಡಿ. ಹಳೆಯ ಪ್ರೋಗ್ರಾಂ ಅಳಿಸಿ ಹೊಸದು ತರುವ ದಿನ ಆ ಸಾಲುಗಳೂ ಹೋಗುತ್ತವೆ. ಕಡತಗಳ ಜೊತೆ ಅವನ್ನೂ ಕಾಪಿಡಬೇಕು. ಮುಂದೆ ಓದುವವರಿಗೆ ಅಂಕಿ ಸಿಕ್ಕೀತು, ಸೇರು ಯಾವುದೆಂದು ಹೇಳುವವರು ಇರುವುದಿಲ್ಲ.